ಎತ್ತುವುದು ಬೇರೆ, ಹೊರುವುದು ಬೇರೆ

ಕಾರು ಇರುವ ಮನೆಗಳಲ್ಲಿ ಸಾಮಾನ್ಯವಾಗಿ ಒಂದು ಜ್ಯಾಕ್ ಕೂಡ ಇರುತ್ತದೆ. ಅದು ಎಲ್ಲಿದೆ ಎಂದು ಗೊತ್ತಿರುವವರು ಮಾತ್ರ ಆ ಮನೆಯಲ್ಲಿ ಒಬ್ಬರೋ ಇಬ್ಬರೋ. ಡಿಕ್ಕಿಯ ಚಾಪೆ ಎತ್ತಿದರೆ ಸ್ಟೆಪ್ನಿ, ಸ್ಟೆಪ್ನಿಯ ಪಕ್ಕ ಒಂದು ಕೊಳೆಯಾದ ಚೀಲ, ಚೀಲದೊಳಗೆ ಕೈಕಾಲು ಮಡಚಿಕೊಂಡು ಮಲಗಿರುವ ಒಂದು ಕಬ್ಬಿಣದ ಪ್ರಾಣಿ. ಅದರ ನೆನಪಾಗುವುದು ಮದುವೆಗೆ ಹೊರಟ ದಿವಸ, ದಾರಿಯ ಮಧ್ಯೆ, ಮಳೆ ಸುರಿಯುವಾಗ, ಎಲ್ಲರೂ ರೇಶ್ಮೆ ಉಟ್ಟಿರುವಾಗ.

ಸ್ಟೆಪ್ನಿ ಎಂಬ ಮಾತು ಬಂತಲ್ಲ, ಅದರದ್ದೂ ಒಂದು ಕಥೆಯಿದೆ. ೧೯೦೪ರ ಸುಮಾರಿಗೆ ವೇಲ್ಸ್ ದೇಶದ ಲನೆಲಿ ಎಂಬ ಊರಿನಲ್ಲಿ ಕಾರಿಗೆ ಬಿಡಿ ಗಾಲಿ ಮಾಡಿ ಮಾರಲು ಶುರುಮಾಡಿದರು. ಅಂಗಡಿ ಇದ್ದದ್ದು ಸ್ಟೆಪ್ನಿ ಬೀದಿಯಲ್ಲಿ. ಗಾಲಿಗೂ ಅದೇ ಹೆಸರಾಯಿತು. ಇಂಗ್ಲಿಷರು ಆ ಶಬ್ದವನ್ನು ಬಹುತೇಕ ಮರೆತರು. ನಾವು ಕನ್ನಡದವರು, ಮರಾಠಿಯವರು, ಹಿಂದಿಯವರು ಎಲ್ಲ ಸೇರಿ ಅದನ್ನು ಉಳಿಸಿಕೊಂಡಿದ್ದೇವೆ. ಜ್ಯಾಕಿಗೆ ಮಾತ್ರ ನಾವು ಅಷ್ಟು ಮರ್ಯಾದೆ ಕೊಟ್ಟಂತಿಲ್ಲ.

ಈ ಸಂಚಿಕೆಗೆ ಒಂದು ಪ್ರಬಂಧ ಬೇಕೆಂದು ಕನ್ನಡ ಸಂಘದ ಮಿತ್ರರು ಕೇಳಿದಾಗ ‘ಜ್ಯಾಕಿನ ಮೇಲೆ ಬರೀತೀನಿ’ ಅಂದೆ. ‘ಮುಳಾ-ಮುಠಾ ಇದೆ, ಮಳೆ ಇದೆ, ಊರಿನ ನೆನಪಿದೆ, ಅದೆಲ್ಲ ಬಿಟ್ಟು ಜ್ಯಾಕೇ?’ ಎಂದು ನಕ್ಕರು. ನಗಲಿ. ಕಳೆದ ಆರು ತಿಂಗಳು ನಮ್ಮ ಮನೆಯಲ್ಲಿ ಮಳೆಗಿಂತ, ಮುಳಾ-ಮುಠೆಗಿಂತ ಹೆಚ್ಚು ಮಾತು ನಡೆದದ್ದು ಇದರ ಮೇಲೆಯೇ. ಊರಿನ ನೆನಪು ಬೇಕೆನ್ನುವವರಿಗೆ ಅದೂ ಇದರಲ್ಲಿ ಬರುತ್ತದೆ.

ನಮ್ಮ ಅಪ್ಪ ಗದಗಿನ ಕಡೆಯವರು. ಮೂವತ್ತು ವರ್ಷ ಪಿಂಪರಿಯ ಕಾರಖಾನೆಯೊಂದರಲ್ಲಿ ಫಿಟರ್ ಆಗಿದ್ದು ನಿವೃತ್ತರಾದವರು. ಇಡೀ ಆಯುಷ್ಯ ಸ್ಪ್ಯಾನರ್ ಹಿಡಿದ ಕೈ ಸುಮ್ಮನೆ ಪೇಪರ್ ಹಿಡಿದು ಕೂತಿರುವುದನ್ನು ನೋಡುವುದು ಕಷ್ಟ. ಮೊದಲ ತಿಂಗಳು ಮನೆಯ ನಲ್ಲಿಗಳೆಲ್ಲ ಬಿಚ್ಚಿ ಕೂಡಿಸಿದರು. ಎರಡನೆಯ ತಿಂಗಳು ಅಕ್ಕಪಕ್ಕದವರ ನಲ್ಲಿಗಳು. ಮೂರನೆಯ ತಿಂಗಳು ಅವರ ಕಣ್ಣು ನಮ್ಮ ಹಳೆಯ ವ್ಯಾಗನ್-ಆರ್ ಮೇಲೆ ಬಿತ್ತು. ‘ಎಂಜಿನ್ ಆಯಿಲ್ ಬದಲೀ ಮಾಡಾಕ ಗ್ಯಾರೇಜಿನವಗ ಯಾಕ ರೊಕ್ಕ ಕೊಡಬೇಕು? ನಾನ ಮಾಡ್ತೀನಿ’ ಅಂದರು.

ಆಯಿಲ್ ಬದಲಿಸಬೇಕಾದರೆ ಕಾರಿನ ಕೆಳಗೆ ಮಲಗಬೇಕು. ಅವ್ವ ಚಪಾತಿ ಲಟ್ಟಿಸುತ್ತಿದ್ದವಳು ಲಟ್ಟಣಿಗೆ ಕೆಳಗಿಟ್ಟಳು. ‘ಗಾಡಿ ಕೆಳಗ ನೀವು ಹೋಗೂದಾದ್ರ ನಾ ಮನ್ಯಾಗ ಇರಂಗಿಲ್ಲ, ಈಗ ಹೇಳಿರ್ತೀನಿ’ ಅಂದಳು. ದನಿ ಏರಿಸಲಿಲ್ಲ. ಅದಕ್ಕೇ ಅಪ್ಪ ಸುಮ್ಮನಾದರು.

ಅವ್ವನಿಗೊಬ್ಬ ಅಣ್ಣನಿದ್ದ. ನನಗೆ ಆತ ಗೋಡೆಯ ಮೇಲಿನ ಫೋಟೋ ಅಷ್ಟೆ. ಕ್ರಾಪು ಹಿಂದಕ್ಕೆ ಬಾಚಿಕೊಂಡು, ದೊಡ್ಡ ಕಾಲರಿನ ಅಂಗಿ ಹಾಕಿಕೊಂಡು ನಗುತ್ತಿರುವ ಹುಡುಗ. ೧೯೮೬ರ ಶ್ರಾವಣದಲ್ಲಿ ಆತ ಟೆಂಪೋದ ಮೇಲೆ ಕೆಲಸಕ್ಕಿದ್ದ. ಮಳೆ ಬಂದು ನಿಂತಿತ್ತು. ರಸ್ತೆಯ ಪಕ್ಕ ಗಾಡಿ ನಿಲ್ಲಿಸಿ, ಒಂದೇ ಒಂದು ಜ್ಯಾಕ್ ಕೊಟ್ಟು, ಹಿಂದಿನ ಗಾಲಿ ಬಿಚ್ಚಿ, ಏನೋ ನೋಡಲು ಕೆಳಗೆ ಹೋದ. ನಮ್ಮ ಕಡೆಯ ಎರಿಮಣ್ಣು ನಿಮಗೆ ಗೊತ್ತಿರಬಹುದು. ಬೇಸಿಗೆಯಲ್ಲಿ ಕಲ್ಲಿನಂತೆ ಗಟ್ಟಿ, ಮೊಣಕಾಲು ಹೋಗುವಷ್ಟು ಬಿರುಕು. ಮಳೆ ಬಿದ್ದರೆ ಬೆಣ್ಣೆ. ಜ್ಯಾಕಿನ ತಳ ಒಂದು ಕಡೆ ಇಳಿಯಿತು, ಜ್ಯಾಕ್ ವಾಲಿತು, ಟೆಂಪೋ ಕೂತಿತು. ಮಾಮಾನಿಗೆ ಆಗ ಇಪ್ಪತ್ತೆರಡು ವರ್ಷ. ಇದಿಷ್ಟನ್ನೂ ಅವ್ವ ನನಗೆ ಹೇಳಿದ್ದು ಈ ಆಯಿಲ್ ಗಲಾಟೆಯ ನಂತರ, ಅದೂ ನಾನು ಕೇಳಿದ ಮೇಲೆ.

ಹೀಗೆ ಒಂದು ಕಡೆ ಅಪ್ಪನ ಸುಮ್ಮನಿರಲಾರದ ಕೈ, ಇನ್ನೊಂದು ಕಡೆ ಅವ್ವನ ಅಣ್ಣ. ನಡುವೆ ನಾನು. ಇಬ್ಬರೂ ನನ್ನ ಕಡೆಯೇ ನೋಡಿದರು. ‘ನೀ ಓದಾಕ್ಹತ್ತೀಯಲ್ಲ, ಓದಿ ಹೇಳು’ ಅಂದಳು ಅವ್ವ. ‘ನೋಡವಾ, ನೀ ಹ್ಯಾಂಗ ಹೇಳ್ತಿ ಹಾಂಗ’ ಅಂದರು ಅಪ್ಪ. ನಾನು ಓದುತ್ತಿರುವುದು ವಾಣಿಜ್ಯ. ಆದರೂ ಓದಿದೆ, ಗ್ಯಾರೇಜಿನಲ್ಲಿ ನಿಂತು ನೋಡಿದೆ, ಅಪ್ಪನನ್ನು ಕೇಳಿದೆ. ಕೊನೆಗೆ ತಿಳಿದದ್ದು ಒಂದೇ ಮಾತು. ಅದು ಇಷ್ಟು: ಎತ್ತುವುದು ಬೇರೆ, ಹೊರುವುದು ಬೇರೆ. ಜ್ಯಾಕ್ ಇರುವುದು ಎತ್ತುವುದಕ್ಕೆ. ಹೊರುವುದಕ್ಕೆ ಬೇರೆಯದೇ ಒಂದು ವಸ್ತು ಬೇಕು.

ಇದು ಹೊಸ ವಿದ್ಯೆಯೇನಲ್ಲ. ನಮ್ಮ ಅಜ್ಜನ ಕಾಲದಲ್ಲಿ ಚಕ್ಕಡಿಯ ಗಾಲಿ ಬಿಚ್ಚಿ ಕೀಲೆಣ್ಣೆ ಹಾಕುತ್ತಿದ್ದರು. ಇಬ್ಬರು ಗಟ್ಟಿ ಆಳು ಹೆಗಲು ಕೊಟ್ಟು ಚಕ್ಕಡಿಯ ಒಂದು ಮಗ್ಗುಲು ಎತ್ತುವುದು. ಮೂರನೆಯವ ಅಚ್ಚಿನ ಕೆಳಗೆ ಮರದ ದಿಮ್ಮಿ ತಳ್ಳುವುದು. ಚಕ್ಕಡಿ ದಿಮ್ಮಿಯ ಮೇಲೆ ಕೂತ ಮೇಲೆಯೇ ಕಡಾಣಿ ತೆಗೆಯುವುದು. ಎತ್ತಿದವರು ಹೆಗಲ ಮೇಲೆ ಅದನ್ನು ಹೊತ್ತೇ ನಿಂತಿರಲಿ ಎಂದು ಯಾರೂ ಹೇಳುತ್ತಿರಲಿಲ್ಲ. ಮನುಷ್ಯನ ಹೆಗಲು ದಣಿಯುತ್ತದೆ ಎಂದು ಎಲ್ಲರಿಗೂ ಗೊತ್ತು. ಕಬ್ಬಿಣ ದಣಿಯುವುದಿಲ್ಲ ಎಂದು ನಾವು ತಿಳಿದುಕೊಂಡದ್ದೇ ತೊಂದರೆಗೆ ಮೂಲ.

ಜ್ಯಾಕುಗಳಲ್ಲಿ ಮನೆಯವರ ಕೈಗೆ ಸಿಗುವುದು ಮೂರು ಜಾತಿ. ಮೊದಲನೆಯದು ಕಾರಿನ ಜೊತೆಗೇ ಬರುವ ಕತ್ತರಿ ಜ್ಯಾಕ್. ಅಡ್ಡ ಇರುವ ಸ್ಕ್ರೂ ತಿರುಗಿಸಿದರೆ ಕತ್ತರಿಯಂತೆ ಮಡಚಿದ ಕೈಗಳು ನೆಟ್ಟಗಾಗುತ್ತವೆ. ಹಗುರ, ಸಣ್ಣದು, ಡಿಕ್ಕಿಯಲ್ಲಿ ಹಿಡಿಸುತ್ತದೆ. ಆದರೆ ತಳ ಅಂಗೈಯಷ್ಟೇ ಅಗಲ. ರಸ್ತೆಯ ಪಕ್ಕ ಪಂಕ್ಚರ್ ಆದಾಗ ಗಾಲಿ ಬದಲಿಸಲಿ ಎಂದು ಕೊಟ್ಟದ್ದು ಅದು. ಗಾಡಿ ಅದರ ಮೇಲೆ ಇರುವಾಗ ಕೆಳಗೆ ಹೋಗಬೇಡಿ ಎಂದು ಕಾರಿನ ಪುಸ್ತಕದಲ್ಲೇ ಬರೆದಿರುತ್ತದೆ. ಆ ಪುಸ್ತಕ ಓದುವವರು ಯಾರು ಎನ್ನುವುದು ಬೇರೆ ಪ್ರಶ್ನೆ.

ಎರಡನೆಯದು ಬಾಟ್ಲಿ ಜ್ಯಾಕ್. ಟ್ರಕ್ಕಿನವರ ಹತ್ತಿರ ನೋಡಿರುತ್ತೀರಿ. ಒಳಗೆ ಎಣ್ಣೆ. ಬಲ ಬಹಳ, ಆದರೆ ಅದು ತಾನೇ ಎತ್ತರ. ಮಡಚಿ ಪೂರ್ತಿ ಕೆಳಗಿಳಿಸಿದಾಗಲೂ ಸಾಧಾರಣ ೧೫ರಿಂದ ೨೦ ಸೆಂ.ಮೀ. ಇರುತ್ತದೆ. ಸಣ್ಣ ಕಾರಿನ ಹೊಟ್ಟೆಯ ಕೆಳಗೆ ಅಷ್ಟು ಜಾಗ ಇರುವುದೇ ಕಷ್ಟ. ಮೂರನೆಯದು ಟ್ರಾಲಿ ಜ್ಯಾಕ್. ನಾಲ್ಕು ಗಾಲಿ, ಉದ್ದ ಹಿಡಿಕೆ, ಅಗಲ ಮೈ. ನೆಲಕ್ಕೆ ಅಂಟಿಕೊಂಡಿರುವುದರಿಂದ ವಾಲುವ ಭಯ ಕಡಿಮೆ. ಮನೆಯಲ್ಲಿ ಕೆಲಸ ಮಾಡುವವರಿಗೆ ಇದೇ ಸರಿ.

ಎಣ್ಣೆಯ ಜ್ಯಾಕ್ ಕೆಲಸ ಮಾಡುವುದು ಹೇಗೆ ಎಂದು ಶಾಲೆಯಲ್ಲಿ ಓದಿದ್ದೆವು, ಮರೆತಿದ್ದೆವು. ಹದಿನೇಳನೆಯ ಶತಮಾನದಲ್ಲಿ ಪಾಸ್ಕಲ್ ಎಂಬಾತ ಹೇಳಿದ್ದು: ಮುಚ್ಚಿದ ಪಾತ್ರೆಯ ದ್ರವದ ಮೇಲೆ ಒಂದು ಕಡೆ ಕೊಟ್ಟ ಒತ್ತಡ ಎಲ್ಲ ಕಡೆಗೂ ಅಷ್ಟೇ ಹರಡುತ್ತದೆ. ಅದರ ಆಧಾರದ ಮೇಲೆ ೧೭೯೫ರಲ್ಲಿ ಜೋಸೆಫ್ ಬ್ರಾಮಾ ಇಂಗ್ಲೆಂಡಿನಲ್ಲಿ ಒತ್ತುಯಂತ್ರಕ್ಕೆ ಪೇಟೆಂಟ್ ತೆಗೆದುಕೊಂಡ. ಲೆಕ್ಕ ಸರಳ. ಸಣ್ಣ ಕೊಳವೆಯ ಅಡ್ಡಳತೆ ೧ ಸೆಂ.ಮೀ., ದೊಡ್ಡದರದ್ದು ೩ ಸೆಂ.ಮೀ. ಎನ್ನಿ. ಕ್ಷೇತ್ರಫಲ ೯ ಪಟ್ಟು, ಆದ್ದರಿಂದ ಬಲವೂ ೯ ಪಟ್ಟು. ಹಿಡಿಕೆಯ ಸನ್ನೆಯಿಂದ ಇನ್ನೊಂದು ೨೦ ಪಟ್ಟು ಸಿಕ್ಕಿತೆನ್ನಿ. ಒಟ್ಟು ೧೮೦ ಪಟ್ಟು. ಐದು ಕಿಲೋ ಒತ್ತಿದರೆ, ಘರ್ಷಣೆಯ ನಷ್ಟ ಬಿಟ್ಟು, ೯೦೦ ಕಿಲೋ. ಪುಕ್ಕಟೆಯೇನೂ ಅಲ್ಲ. ಹಿಡಿಕೆಯನ್ನು ಒಂದು ಅಡಿ ಅದುಮಿದರೆ ಕಾರು ಎರಡು ಮಿಲಿಮೀಟರ್ ಕೂಡ ಏರುವುದಿಲ್ಲ. ಅದಕ್ಕೇ ಅಷ್ಟು ಸಲ ಪಂಪು ಹೊಡೆಯುವುದು.

ಈಗ ಯೋಚಿಸಿ. ಅಷ್ಟು ಭಾರವನ್ನು ಮೇಲೆ ಹಿಡಿದು ನಿಲ್ಲಿಸಿರುವುದು ಯಾವುದು? ಒಂದು ಬೊಗಸೆ ಎಣ್ಣೆ. ಅದು ಹೊರಗೆ ಹೋಗದಂತೆ ತಡೆಯುವ ಒಂದೆರಡು ಸೀಲು. ಒಂದು ಸಣ್ಣ ವಾಲ್ವು. ಸೀಲು ಸವೆದರೆ, ವಾಲ್ವಿನಲ್ಲಿ ಒಂದು ಕಣ ಕಸ ಸಿಕ್ಕರೆ, ಎಣ್ಣೆ ಮೆಲ್ಲಗೆ ಹಿಂದಕ್ಕೆ ಹೋಗುತ್ತದೆ, ಕಾರು ಮೆಲ್ಲಗೆ ಕೆಳಗೆ ಬರುತ್ತದೆ. ಸೀಲು ಒಮ್ಮೆಲೇ ಒಡೆದರೆ ಮೆಲ್ಲಗೆ ಎನ್ನುವ ಮಾತೇ ಇಲ್ಲ.

ಅಪ್ಪ ಇದನ್ನು ಅವ್ವನಿಗೆ ಬಾಯಲ್ಲಿ ಹೇಳಲಿಲ್ಲ, ಮಾಡಿ ತೋರಿಸಿದರು. ಎದುರು ಮನೆಯವರ ಹಳೆಯ ಟ್ರಾಲಿ ಜ್ಯಾಕ್ ತಂದು, ಕಾರಿನ ಒಂದು ಮೂಲೆಯನ್ನು ಗಾಲಿ ನೆಲ ಬಿಡುವವರೆಗೆ ಎತ್ತಿ, ಪಕ್ಕದ ಕಂಬದ ಮೇಲೆ ಖಡುವಿನಿಂದ ಗೆರೆ ಎಳೆದರು. ‘ಬರ್ರಿ, ಚಹಾ ಕುಡಿಯೂಣು’ ಅಂದರು. ಅರ್ಧ ತಾಸಿನ ಮೇಲೆ ಹೋಗಿ ನೋಡಿದರೆ ಗೆರೆಗಿಂತ ಒಂದು ಬೆರಳು ಕೆಳಗಿತ್ತು ಕಾರು. ಯಾರೂ ಮುಟ್ಟಿರಲಿಲ್ಲ. ಅವ್ವ ಗೆರೆಯನ್ನು ನೋಡಿದಳು, ಕಾರನ್ನು ನೋಡಿದಳು. ‘ಮತ್ತ ಇದನ್ನ ತೋರಿಸಿ ನನಗ ಧೈರ್ಯ ಹೇಳ್ತೀರೇನು?’ ಅಂದಳು. ‘ಇದರ ಮ್ಯಾಲೆ ನಾನೂ ಭರೋಸಾ ಇಡೂದಿಲ್ಲ ಅಂತ ತೋರ್ಸಾಕ್ಹತ್ತೀನಿ. ನಿಮ್ಮ ಅಣ್ಣನ ಹತ್ರ ಸ್ಟ್ಯಾಂಡ್ ಇರಲಿಲ್ಲ. ನಾವು ಮೊದಲ ಸ್ಟ್ಯಾಂಡ್ ತರೂಣು, ಆಮ್ಯಾಲೆ ಜ್ಯಾಕ್’ ಅಂದರು ಅಪ್ಪ. ಅವ್ವ ಏನೂ ಅನ್ನಲಿಲ್ಲ. ಆದರೆ ಬೇಡ ಅಂತಲೂ ಅನ್ನಲಿಲ್ಲ.

ಸ್ಟ್ಯಾಂಡ್ ಎಂದರೆ ಮೂರು ಅಥವಾ ನಾಲ್ಕು ಕಾಲಿನ ಉಕ್ಕಿನ ಪೀಠ. ನಡುವೆ ಏರಿಳಿಸಲು ಬರುವ ಒಂದು ಕಂಬ, ಅದರ ತಲೆಯ ಮೇಲೆ ಕಾರು ಕೂಡಲು ಒಂದು ತಡಿ. ಎಣ್ಣೆಯಿಲ್ಲ, ಸೀಲಿಲ್ಲ, ವಾಲ್ವಿಲ್ಲ. ಉಕ್ಕಿನ ಮೇಲೆ ಉಕ್ಕು ಕೂತಿರುತ್ತದೆ ಅಷ್ಟೆ. ನಮ್ಮ ಗಲ್ಲಿಯ ಗ್ಯಾರೇಜಿನವರು ಇದಕ್ಕೆ ಘೋಡಾ ಅನ್ನುತ್ತಾರೆ. ಇದರಲ್ಲಿ ಎರಡು ಬಗೆ ಹೆಚ್ಚು ಕಾಣುತ್ತವೆ. ಒಂದರಲ್ಲಿ ಕಂಬಕ್ಕೆ ಗರಗಸದಂಥ ಹಲ್ಲು, ಹಲ್ಲಿಗೆ ಸಿಕ್ಕಿಕೊಳ್ಳುವ ಒಂದು ಕೊಕ್ಕೆ. ಇನ್ನೊಂದರಲ್ಲಿ ಕಂಬಕ್ಕೆ ತೂತು, ತೂತಿನಲ್ಲಿ ಅಡ್ಡ ತೂರಿಸುವ ದಪ್ಪ ಪಿನ್ನು. ಹಲ್ಲಿನದು ಅನುಕೂಲ, ಬೇಕಾದ ಎತ್ತರಕ್ಕೆ ಚಕಚಕ ನಿಲ್ಲುತ್ತದೆ. ಪಿನ್ನಿನದು ಒರಟು, ತೂತು ಇದ್ದಲ್ಲಿ ಮಾತ್ರ ನಿಲ್ಲುತ್ತದೆ.

ಯಾವುದು ತೆಗೆದುಕೊಳ್ಳುವುದು? ಈ ಪ್ರಶ್ನೆಗೆ ಉತ್ತರ ಹುಡುಕುವಾಗ ಒಂದು ಸಂಗತಿ ಸಿಕ್ಕಿತು. ೨೦೨೦ರಲ್ಲಿ ಅಮೆರಿಕದಲ್ಲಿ ಮಾರಾಟವಾದ ಒಂದು ಬಗೆಯ ಹಲ್ಲಿನ ಸ್ಟ್ಯಾಂಡುಗಳನ್ನು ಲಕ್ಷಗಟ್ಟಲೆ ಸಂಖ್ಯೆಯಲ್ಲಿ ವಾಪಸು ಕರೆಸಬೇಕಾಯಿತು. ಕಾರಖಾನೆಯ ಅಚ್ಚುಗಳು ಹಳೆಯವಾಗಿ, ಕೊಕ್ಕೆಯು ಹಲ್ಲಿನೊಳಗೆ ಕೂಡುವ ಆಳ ಒಂದೊಂದು ಸ್ಟ್ಯಾಂಡಿನಲ್ಲಿ ಒಂದೊಂದು ರೀತಿ ಆಗಿತ್ತು. ಭಾರ ಇದ್ದಾಗ ಅಕಸ್ಮಾತ್ ಜಗ್ಗಿದರೆ ಕೊಕ್ಕೆ ಹಾರಿ ಕಂಬ ಕೆಳಗೆ ಬೀಳುವ ಅಪಾಯ. ಅದೇ ವರ್ಷ, ಬದಲಿಗೆ ಕೊಟ್ಟ ಸ್ಟ್ಯಾಂಡುಗಳಲ್ಲೂ ಕೆಲವದರ ಬೆಸುಗೆ ಸರಿಯಿಲ್ಲವೆಂದು ಅವನ್ನೂ ವಾಪಸು ಕರೆಸಿದರು. ಅಪ್ಪನಿಗೆ ಓದಿ ಹೇಳಿದೆ. ಅವರಿಗೇನೂ ಆಶ್ಚರ್ಯವಾಗಲಿಲ್ಲ. ‘ಅಚ್ಚು ಸವೀತದ, ಮನಷ್ಯಾ ನೋಡೂದಿಲ್ಲ. ಮೂವತ್ತು ವರ್ಷ ಅದನ್ನ ನೋಡೇನಿ. ಪಿನ್ನು ಕಣ್ಣಿಗೆ ಕಾಣ್ತದ. ಹಾಕೇತೋ ಇಲ್ಲೋ ನಿಮ್ಮ ಅವ್ವಗೂ ಗೊತ್ತಾಗ್ತದ’ ಅಂದರು. ಈ ಕೊನೆಯ ಮಾತಿನಿಂದ ತೀರ್ಮಾನವಾಯಿತು. ಹಲ್ಲಿನದನ್ನೇ ಕೊಳ್ಳುವವರು ಹಲ್ಲಿನ ಜೊತೆಗೆ ಅಡ್ಡ ಪಿನ್ನೂ ಹಾಕಲು ಬರುವಂಥದ್ದನ್ನು ನೋಡಿ ಕೊಳ್ಳುವುದು ಒಳ್ಳೆಯದು.

ಪಕ್ಕದ ಮನೆಯವರು ಜುನಾ ಬಜಾರಿನಲ್ಲಿ ಅರ್ಧ ಬೆಲೆಗೆ ಸಿಗುತ್ತದೆ ಅಂದರು. ಹಳೆಯ ಪುಸ್ತಕ ಕೊಳ್ಳಬಹುದು, ಹಳೆಯ ಗ್ರಾಮೋಫೋನ್ ಕೊಳ್ಳಬಹುದು. ಹಾಳೆ ಹರಿದಿದ್ದರೆ ಕಾಣುತ್ತದೆ. ಹಳೆಯ ಜ್ಯಾಕಿನ ಸೀಲು ಕಾಣುವುದಿಲ್ಲ. ಅದು ಎಷ್ಟು ಸಲ ಮಿತಿ ಮೀರಿ ಹೊತ್ತಿದೆ ಎಂದು ಅದು ಹೇಳುವುದೂ ಇಲ್ಲ. ಹೀಗಾಗಿ ನಾನೂ ಅಪ್ಪನೂ ನಾನಾ ಪೇಠೆಗೆ ಹೋದೆವು. ಮೋಟಾರಿನ ಬಿಡಿಭಾಗಗಳ ಅಂಗಡಿಗಳು ಸಾಲಾಗಿ ಇರುವುದು ಅಲ್ಲಿ.

ಅಂಗಡಿಯವನು ‘ಎಷ್ಟು ಟನ್ನಿನದು ಬೇಕು?’ ಎಂದು ಕೇಳಿದ. ಮನೆಯಲ್ಲಿ ಲೆಕ್ಕ ಹಾಕಿಕೊಂಡೇ ಹೋಗಿದ್ದೆವು. ನಮ್ಮ ಕಾರಿನ ತೂಕ ಎಂಟುನೂರು ಕಿಲೋಕ್ಕಿಂತ ಸ್ವಲ್ಪ ಹೆಚ್ಚು. ಎಂಜಿನ್ ಮುಂದೆ ಇರುವುದರಿಂದ ಅರ್ಧಕ್ಕಿಂತ ಹೆಚ್ಚು ಭಾರ ಮುಂದಿನ ಗಾಲಿಗಳ ಮೇಲೆ. ಐನೂರು ಕಿಲೋ ಎಂದು ಹಿಡಿದರೆ ಸಾಕು. ಎರಡು ಟನ್ನಿನ ಜ್ಯಾಕ್ ಆದರೆ ಭಾರಕ್ಕಿಂತ ಎಷ್ಟೋ ಪಟ್ಟು ಹೆಚ್ಚಿನ ಶಕ್ತಿ ಕೈಯಲ್ಲಿರುತ್ತದೆ. ಎರಡು ಟನ್ನಿನ ಹತ್ತಿರ ತೂಗುವ ದೊಡ್ಡ ಜೀಪಿನಂಥ ಗಾಡಿಯಿದ್ದವರು ಮೂರು ಟನ್ನಿನದಕ್ಕೆ ಹೋಗಬೇಕು. ಸ್ಟ್ಯಾಂಡಿನ ಮೇಲಿನ ಚೀಟಿ ಮಾತ್ರ ಎರಡು ಸಲ ಓದಬೇಕು. ಕೆಲವರು ಒಂದೊಂದರ ಶಕ್ತಿ ಬರೆದಿರುತ್ತಾರೆ, ಕೆಲವರು ಜೋಡಿಯದ್ದು. ಜೋಡಿಗೆ ಮೂರು ಟನ್ನು ಅಂದರೆ ಒಂದಕ್ಕೆ ಒಂದೂವರೆಯೇ. ಇದು ಅಂಗಡಿಯವನಿಗೂ ಗೊತ್ತಿರಲಿಲ್ಲ. ಚೀಟಿ ತಿರುಗಿಸಿ ತಾನೂ ಓದಿದ.

ಅಪ್ಪ ಸ್ಟ್ಯಾಂಡುಗಳನ್ನು ನೆಲದ ಮೇಲಿಟ್ಟು ಅಲ್ಲಾಡಿಸಿದರು. ನಾಲ್ಕೂ ಕಾಲು ನೆಲಕ್ಕೆ ಕೂಡುತ್ತವೆಯೇ, ಕಾಲಿನ ಹರಹು ಅಗಲವಿದೆಯೇ, ಬೆಸುಗೆ ಉದ್ದಕ್ಕೂ ಒಂದೇ ಸಮ ಇದೆಯೇ ಅಥವಾ ಮಧ್ಯೆ ಮಧ್ಯೆ ಚುಕ್ಕೆ ಇಟ್ಟಂತಿದೆಯೇ, ಪಿನ್ನು ತೂತಿಗೆ ಬಿಗಿಯಾಗಿ ಕೂಡುತ್ತದೆಯೇ, ಕಳೆದುಹೋಗದಂತೆ ಸರಪಳಿಯಿದೆಯೇ. ನಾಲ್ಕು ಜೋಡಿ ತೆಗೆಸಿ ಒಂದು ಆರಿಸಿದರು. ಜ್ಯಾಕಿನಲ್ಲಿ ನೋಡಿದ್ದು ಪೂರ್ತಿ ಇಳಿಸಿದಾಗ ಎಷ್ಟು ಎತ್ತರ, ಪೂರ್ತಿ ಏರಿಸಿದಾಗ ಎಷ್ಟು, ಮತ್ತು ಇಳಿಸುವ ವಾಲ್ವು ತಿರುಗಿಸಿದರೆ ಮೆಲ್ಲಗೆ ಇಳಿಯುತ್ತದೆಯೋ ಧೊಪ್ಪನೆ ಬೀಳುತ್ತದೆಯೋ. ಜೋಡಿ ಸ್ಟ್ಯಾಂಡಿಗೆ ಜ್ಯಾಕಿಗಿಂತ ಕಡಿಮೆ ಬೆಲೆ ಬಿತ್ತು. ಜೀವ ಕಾಯುವ ವಸ್ತುವೇ ಅಗ್ಗ. ಆದರೂ ಜನ ಕೊಳ್ಳುವುದು ಜ್ಯಾಕನ್ನೇ ಎಂದು ಅಂಗಡಿಯವನು ಹೇಳಿದ.

ಮುಂದಿನ ಭಾನುವಾರ ಬೆಳಿಗ್ಗೆ ಅವ್ವ ತಾನಾಗಿಯೇ ಕೆಳಗೆ ಬಂದಳು. ಒಂದು ಕುರ್ಚಿ ತಂದು ಹಾಕಿಕೊಂಡು, ಮಡಿಲಲ್ಲಿ ಫೋನ್ ಇಟ್ಟುಕೊಂಡು ಕೂತಳು. ಮೊದಲು ನೆಲ ನೋಡಿದಳು. ಅಪ್ಪ ಕಾರನ್ನು ಬಿಡಿ ಕಲ್ಲು ಹಾಸಿದ ಜಾಗದಿಂದ ತೆಗೆದು ಕಟ್ಟಡದ ಕೆಳಗಿನ ಸಿಮೆಂಟ್ ನೆಲದ ಮೇಲೆ ನಿಲ್ಲಿಸಿದ್ದರು. ಎರಿಮಣ್ಣು ಮಾತ್ರವಲ್ಲ, ಬಿಸಿಲಿಗೆ ಕಾದ ಡಾಂಬರೂ ಸ್ಟ್ಯಾಂಡಿನ ಕಾಲನ್ನು ನುಂಗುತ್ತದೆ. ಮುಂದಿನ ಭಾಗ ಎತ್ತುವುದಾದ್ದರಿಂದ ಹಿಂದಿನ ಎರಡೂ ಗಾಲಿಗಳಿಗೆ ಹಿಂದೆ ಮುಂದೆ ಮರದ ತುಂಡು ಅಡ್ಡ ಕೊಟ್ಟರು. ಹ್ಯಾಂಡ್‌ಬ್ರೇಕ್ ಹಿಡಿಯುವುದು ಹಿಂದಿನ ಗಾಲಿಗಳನ್ನು. ಗೇರು ಹಿಡಿಯುವುದು ಮುಂದಿನವನ್ನು. ಮುಂದಿನ ಗಾಲಿ ನೆಲ ಬಿಟ್ಟ ಮೇಲೆ ಗೇರಿನ ಹಿಡಿತ ಇಲ್ಲ. ಹಿಂಭಾಗ ಎತ್ತಿದರೆ ಹ್ಯಾಂಡ್‌ಬ್ರೇಕಿನ ಹಿಡಿತ ಇಲ್ಲ. ಅಡ್ಡ ಕೊಟ್ಟ ತುಂಡು ಎರಡೂ ಸಲ ಕೆಲಸಕ್ಕೆ ಬರುತ್ತದೆ.

ಕಾರಿನ ಪುಸ್ತಕದಲ್ಲಿ ಚಿತ್ರ ಬರೆದು ತೋರಿಸಿದ ಗಟ್ಟಿ ಜಾಗಕ್ಕೇ ಜ್ಯಾಕ್ ಕೊಟ್ಟರು. ಎಂಜಿನ್ನಿನ ಎಣ್ಣೆ ತಟ್ಟೆಗೆ ಕೊಟ್ಟರೆ ತಟ್ಟೆ ಒಡೆಯುತ್ತದೆ. ಎತ್ತುವಾಗ ಟ್ರಾಲಿ ಜ್ಯಾಕಿನ ತಲೆ ನೆಟ್ಟಗೆ ಮೇಲೆ ಹೋಗುವುದಿಲ್ಲ, ಕಮಾನಿನಂತೆ ಬಾಗಿ ಹೋಗುತ್ತದೆ. ಆದ್ದರಿಂದ ಅದರ ಗಾಲಿ ಉರುಳಲು ಜಾಗ ಬೇಕು. ಕಸ ಕಡ್ಡಿ ಅಡ್ಡ ಬಂದು ಉರುಳದಿದ್ದರೆ ಕಾರು ತಲೆಯ ಮೇಲಿಂದ ಜಾರುತ್ತದೆ. ಅದಕ್ಕೇ ನಾನು ಮೊದಲೇ ಕಸ ಗುಡಿಸಿದ್ದೆ. ಆಮೇಲೆ ಬಾಗಿಲಿನ ಕೆಳಗಿನ ಅಂಚಿನಲ್ಲಿ ಗುರುತು ಮಾಡಿದ ಜಾಗಗಳ ಕೆಳಗೆ ಎರಡು ಸ್ಟ್ಯಾಂಡ್, ಎರಡೂ ಒಂದೇ ತೂತಿನ ಎತ್ತರಕ್ಕೆ. ಪಿನ್ನು ತೂರಿಸಿ ‘ನೋಡು ಬಾ’ ಎಂದು ಅವ್ವನನ್ನು ಕರೆದರು. ಅವ್ವ ಬಗ್ಗಿ ಎರಡೂ ಪಿನ್ನು ಮುಟ್ಟಿ ನೋಡಿದಳು. ಅಪ್ಪ ಕಾರನ್ನು ಮೆಲ್ಲಗೆ ಸ್ಟ್ಯಾಂಡಿನ ಮೇಲೆ ಇಳಿಸಿದರು. ಜ್ಯಾಕನ್ನು ತೆಗೆಯಲಿಲ್ಲ, ಬರೀ ತಾಗುವಷ್ಟು ಬಿಟ್ಟರು. ಸ್ಟೆಪ್ನಿಯನ್ನು ತೆಗೆದು ಪಕ್ಕದಿಂದ ಕಾರಿನ ಕೆಳಗೆ ತಳ್ಳಿದರು. ಏನಾದರೂ ಬಿದ್ದರೆ ಅದರ ಮೇಲೆ ಬೀಳಲಿ ಎಂದು.

‘ಈಗ ದೂಡು’ ಅಂದರು ಅವ್ವನಿಗೆ. ಕೆಳಗೆ ಹೋಗುವ ಮೊದಲು ಕಾರನ್ನು ಕೈಯಿಂದ ಜಗ್ಗಿ ನೋಡಬೇಕು. ಬೀಳುವುದಿದ್ದರೆ ಆಗಲೇ ಬೀಳಲಿ. ಅವ್ವ ಸೆರಗು ಸೊಂಟಕ್ಕೆ ಸಿಕ್ಕಿಸಿ ಬಾನೆಟ್ಟಿನ ಬದಿಗೆ ಎರಡೂ ಕೈ ಕೊಟ್ಟು ದೂಡಿದಳು. ಇನ್ನೊಮ್ಮೆ ದೂಡಿದಳು. ಮೂರನೆಯ ಸಲ ಎಷ್ಟು ಬಲ ಹಾಕಿದಳೆಂದರೆ ಅವಳ ಬಳೆ ತಗಡಿಗೆ ಬಡಿದು ಸಪ್ಪಳವಾಯಿತು, ಕಣ್ಣಲ್ಲಿ ನೀರು ಬಂತು. ಕಾರು ಅಲ್ಲಾಡಲಿಲ್ಲ. ‘ಹೋಗ್ರಿ’ ಅಂದು ಕುರ್ಚಿಯ ಮೇಲೆ ಕೂತಳು. ಅಪ್ಪ ಕೆಳಗೆ ಇದ್ದದ್ದು ಹನ್ನೆರಡು ನಿಮಿಷ. ಅಷ್ಟೂ ಹೊತ್ತು ಅವಳು ಸ್ಟ್ಯಾಂಡಿನಿಂದ ಕಣ್ಣು ಕೀಳಲಿಲ್ಲ. ನಡುನಡುವೆ ಅಪ್ಪನನ್ನು ಕರೆಯುವುದು, ಅವರು ‘ಹೂಂ’ ಅನ್ನುವುದು. ಹಳೆಯ ಆಯಿಲ್ ಡಬ್ಬಿಗೆ ತುಂಬಿ ಗ್ಯಾರೇಜಿಗೆ ಕೊಟ್ಟು ಬಂದೆವು. ಗಟಾರಕ್ಕೆ ಸುರಿಯಬಾರದು.

ಇದನ್ನು ಓದುತ್ತಿರುವ ನಿಮ್ಮಲ್ಲಿ ಹೆಚ್ಚಿನವರ ಹತ್ತಿರ ಕಾರಿಲ್ಲ ಎಂದು ನನಗೆ ಗೊತ್ತು. ಆದರೆ ಊರಲ್ಲಿ ಅಪ್ಪನ ಹತ್ತಿರ ಇರಬಹುದು, ಕಾಕಾನ ಹತ್ತಿರ ಟೆಂಪೋ ಇರಬಹುದು, ಅಣ್ಣ ಟ್ರಾಕ್ಟರಿನ ಕೆಳಗೆ ನುಗ್ಗಿ ಏನೋ ಬಿಗಿಯುತ್ತಿರಬಹುದು. ಹಲವರು ಇಟ್ಟಂಗಿ ಇಡುತ್ತಾರೆ, ಟೊಳ್ಳು ಸಿಮೆಂಟಿನ ಬ್ಲಾಕ್ ಇಡುತ್ತಾರೆ. ಗೋಡೆ ಕಟ್ಟಲು ಅವು ಗಟ್ಟಿ. ಇಡೀ ಭಾರ ಒಂದೇ ಬಿಂದುವಿನ ಮೇಲೆ ಬಿದ್ದರೆ ಮುನ್ಸೂಚನೆಯಿಲ್ಲದೆ ಪುಡಿಯಾಗುತ್ತವೆ. ದೀಪಾವಳಿ ರಜೆಗೆ ಹೋದಾಗ ಒಮ್ಮೆ ಡಿಕ್ಕಿ ತೆಗೆದು ನೋಡಿ, ಅಂಗಳದ ಮೂಲೆ ನೋಡಿ. ಜ್ಯಾಕ್ ಮಾತ್ರ ಇದ್ದು ಸ್ಟ್ಯಾಂಡ್ ಇಲ್ಲದಿದ್ದರೆ, ತಂದುಕೊಡುವವರೆಗೆ ಕೆಳಗೆ ಹೋಗುವುದಿಲ್ಲ ಎಂದು ಮಾತು ತೆಗೆದುಕೊಂಡು ಬನ್ನಿ. ರೊಕ್ಕ ಸಾಲದಿದ್ದರೆ ಕೆಲಸ ಗ್ಯಾರೇಜಿನವನೇ ಮಾಡಲಿ, ಅದರಲ್ಲೇನೂ ಅವಮಾನವಿಲ್ಲ. ಒಬ್ಬರೇ ಇದ್ದಾಗ ಮಾತ್ರ ಮಾಡಬೇಡಿ ಎಂದು ಹೇಳಿ. ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಕೂಡಲು ಒಬ್ಬರು ಬೇಕು.